ಬಟನ್ ಒತ್ತಿದರೆ ‘ಹಾಸನ’ ಅಂತ ಬೀಳಬೇಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ತಾಲ್ಲೂಕು ಆಫೀಸಿನ ಹತ್ತಿರ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ದಿನವಿಡೀ ಅರ್ಜಿ ಟೈಪ್ ಮಾಡುವುದೇ ಕೆಲಸ. ಹೋಬಳಿ, ತಾಲ್ಲೂಕು, ಜಿಲ್ಲೆ ಅಂತ ಅದೇ ಪದಗಳನ್ನು ಎಷ್ಟು ಸಲ ಹೊಡೆಯುವುದು? ಜಿಲ್ಲೆಯ ಎಂಟು ತಾಲ್ಲೂಕಿಗೆ ಎಂಟು ಬಟನ್ ಇರುವ ಪುಟ್ಟ ಕೀಬೋರ್ಡ್ ಮಾಡಿಕೊಳ್ಳೋಣ ಅಂತ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಆರ್ಡುಯಿನೊ ಊನೋ ಆರ್3 ಅನ್ನುವ, ಪ್ರೋಗ್ರಾಂ ಬರೆದು ಓಡಿಸುವ ಪುಟ್ಟ ಸರ್ಕ್ಯೂಟ್ ಬೋರ್ಡ್ ತಂದೆ. ಬೋರ್ಡನ್ನು ಕೀಬೋರ್ಡ್ ಮಾಡುವ ಸಿದ್ಧ ಕೋಡ್, ಅಂದರೆ ಕೀಬೋರ್ಡ್ ಲೈಬ್ರರಿ, ಹಾಕಿದರೆ ಎರರ್ ಬರುತ್ತಿದೆ. ಅದು ಸರಿಹೋದರೂ ಕನ್ನಡ ಬರುತ್ತದಾ? ಪಾಸ್‌ವರ್ಡಿಗೂ ಒಂದು ಬಟನ್ ಇಡಬಹುದಾ?
— ಡಿಟಿಪಿ ಅಂಗಡಿಯ ಓದುಗರು, ಹಾಸನ

ಉತ್ತರ: ನಿಮ್ಮ ಕೋಡಿನಲ್ಲಿ ತಪ್ಪಿಲ್ಲ, ಬೋರ್ಡೇ ಬೇರೆ ಬೇಕು. ಊನೋ ಆರ್3ರಲ್ಲಿ ನಿಮ್ಮ ಪ್ರೋಗ್ರಾಂ ಓಡುವುದು ಎಟಿಮೆಗಾ328ಪಿ ಚಿಪ್ಪಿನಲ್ಲಿ. ಅದರೊಳಗೆ ಯುಎಸ್‌ಬಿ ಇಲ್ಲ. ಪಕ್ಕದಲ್ಲಿ ಕೂತ ಇನ್ನೊಂದು ಚಿಪ್ ಅದರ ಪರವಾಗಿ ಕಂಪ್ಯೂಟರ್ ಜೊತೆ ಮಾತಾಡುತ್ತದೆ, ಅದೂ ತಾನು ಕೀಬೋರ್ಡ್ ಅಂತಲ್ಲ, ಸೀರಿಯಲ್ ಪೋರ್ಟ್ (ಬರೀ ಡೇಟಾ ಸಾಗಿಸುವ ದಾರಿ) ಅಂತ ಹೇಳಿಕೊಂಡು. ನಿಮಗೆ ಬೇಕಾದದ್ದು ಒಳಗೇ ಯುಎಸ್‌ಬಿ ಇರುವ ಎಟಿಮೆಗಾ32ಯು4 ಚಿಪ್ಪಿನ ಬೋರ್ಡ್, ಅದು ತಾನೇ ಕೀಬೋರ್ಡ್ ಅಂತ ಹೇಳಿಕೊಳ್ಳಬಲ್ಲದು. ಲಿಯೊನಾರ್ಡೊ ಆಗಬಹುದು, ಪ್ರೊ ಮೈಕ್ರೊ ಆಗಬಹುದು. ನಿಮ್ಮ ಕೆಲಸಕ್ಕೆ ನಾನು ಪ್ರೊ ಮೈಕ್ರೊ ತಗೊಳ್ಳಿ ಅನ್ನುತ್ತೇನೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಕೇಬಲ್ ಬಗ್ಗೆ ಮಾತ್ರ ಹುಷಾರು. ಮೊಬೈಲ್ ಚಾರ್ಜಿಗೆ ಅಂತ ಬರುವ ಕೆಲವು ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಬೋರ್ಡಿನ ಲೈಟ್ ಉರಿಯುತ್ತದೆ, ಕಂಪ್ಯೂಟರಿಗೆ ಮಾತ್ರ ಏನೂ ಕಾಣುವುದಿಲ್ಲ.

ವೈರಿಂಗ್ ಸುಲಭ. ಪ್ರತಿ ಬಟನ್ನಿನ ಒಂದು ಕಾಲು ಒಂದು ಪಿನ್ನಿಗೆ, ಇನ್ನೊಂದು ಕಾಲು ಗ್ರೌಂಡಿಗೆ. ಕೋಡಿನಲ್ಲಿ ಇನ್‌ಪುಟ್ ಪುಲ್‌ಅಪ್ ಅಂತ ಕೊಟ್ಟರೆ ಚಿಪ್ಪಿನೊಳಗಿನ ರೆಸಿಸ್ಟರೇ ಪಿನ್ನನ್ನು ಹೈ ಇಡುತ್ತದೆ, ಬೇರೆ ರೆಸಿಸ್ಟರ್ ಬೇಡ. ಒತ್ತಿದಾಗ ಲೋ ಅಂತ ಓದುತ್ತದೆ. ಬಟನ್ನಿನ ಒಳಗಿನ ತಗಡು ಒತ್ತಿದ ಕ್ಷಣ ನಡುಗುತ್ತದೆ, ಅದಕ್ಕೇ ಒಂದು ಸಲ ಒತ್ತಿದರೆ ಎರಡು ಮೂರು ಸಲ ಒತ್ತಿದ ಹಾಗಾಗುತ್ತದೆ. 20 ಮಿಲಿಸೆಕೆಂಡ್ ಕಾದು ಇನ್ನೊಮ್ಮೆ ಓದಿ, ಬೆರಳು ಎತ್ತುವವರೆಗೂ ಮುಂದೆ ಹೋಗಬೇಡಿ.

ಈಗ ಕನ್ನಡದ ವಿಷಯ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಕೀಬೋರ್ಡ್ ಕಂಪ್ಯೂಟರಿಗೆ ಅಕ್ಷರ ಕಳಿಸುವುದೇ ಇಲ್ಲ. ಯಾವ ಜಾಗದ ಕೀ ಒತ್ತಿದೆ ಅನ್ನುವ ನಂಬರ್ ಕಳಿಸುತ್ತದೆ, ಅಷ್ಟೇ. ಇಂಗ್ಲಿಷಿನ ಎ ಇರುವ ಕೀಗೆ 4, ಬಿ ಕೀಗೆ 5, ಹೀಗೆ ಜೆಡ್ ಕೀಗೆ 29. ಒಂದು ಸಲಕ್ಕೆ ಎಂಟು ಬೈಟ್ ಹೋಗುತ್ತದೆ: ಮೊದಲನೆಯದರಲ್ಲಿ ಶಿಫ್ಟ್, ಕಂಟ್ರೋಲ್ ಇತ್ಯಾದಿ, ಎರಡನೆಯದು ಖಾಲಿ, ಉಳಿದ ಆರರಲ್ಲಿ ಒತ್ತಿರುವ ಕೀಗಳ ನಂಬರ್. ಆ ನಂಬರ್ ಯಾವ ಅಕ್ಷರ ಅಂತ ತೀರ್ಮಾನಿಸುವುದು ಕಂಪ್ಯೂಟರಿನಲ್ಲಿ ಆಗ ಆನ್ ಇರುವ ಲೇಔಟ್, ಅಂದರೆ ಯಾವ ಕೀಗೆ ಯಾವ ಅಕ್ಷರ ಅನ್ನುವ ಪಟ್ಟಿ.

ಇನ್‌ಸ್ಕ್ರಿಪ್ಟ್ ಲೇಔಟ್‌ನಲ್ಲಿ ‘ಹಾಸನ’ ಬರೆಯಲು ಯು, ಇ, ಎಂ, ವಿ ಕೀ ಒತ್ತಬೇಕು. ಯು ಕೀಲಿ ಹ, ಇ ಕೀಲಿ ಆ-ಕಾರ, ಎಂ ಕೀಲಿ ಸ, ವಿ ಕೀಲಿ ನ. ಅಂದರೆ ತಂತಿಯಲ್ಲಿ ಹೋಗುವುದು 24, 8, 16, 25. ಲೇಔಟ್ ಇಂಗ್ಲಿಷಿನಲ್ಲಿದ್ದರೆ ಅದೇ ನಂಬರ್‌ಗಳಿಗೆ ಅರ್ಥವಿಲ್ಲದ ನಾಲ್ಕು ಇಂಗ್ಲಿಷ್ ಅಕ್ಷರ ಬೀಳುತ್ತವೆ. ಕೆ.ಪಿ. ರಾವ್ ಅವರ ಲೇಔಟ್‌ನಲ್ಲಿ ಇದೇ ಊರಿಗೆ ಎಚ್, ಶಿಫ್ಟ್ ಜೊತೆ ಎ, ಎಸ್, ಎನ್ ಬೇಕು. ಹಾಗಾಗಿ ಮೊದಲು ನಿಮ್ಮ ಅಂಗಡಿಯಲ್ಲಿ ಯಾವ ಲೇಔಟ್ ಓಡುತ್ತದೆ ಅಂತ ನೋಡಿ. ಆ ಲೇಔಟ್‌ನಲ್ಲಿ ಎಂಟು ತಾಲ್ಲೂಕಿನ ಹೆಸರನ್ನೂ ನಿಧಾನವಾಗಿ ಕೈಯಲ್ಲೇ ಟೈಪ್ ಮಾಡಿ, ಯಾವ್ಯಾವ ಕೀ ಒತ್ತಿದಿರಿ ಅಂತ ಕಾಗದದ ಮೇಲೆ ಬರೆದುಕೊಳ್ಳಿ. ಆ ಇಂಗ್ಲಿಷ್ ಅಕ್ಷರಗಳನ್ನೇ ಕೋಡಿನಲ್ಲಿ ಟೈಪ್ ಮಾಡಿಸುವ ಪ್ರಿಂಟ್ ಆದೇಶದೊಳಗೆ ಹಾಕಿ.

ದಯವಿಟ್ಟು ಅಲ್ಲಿ ನೇರ ಕನ್ನಡ ಅಕ್ಷರ ಹಾಕಬೇಡಿ. ಅಕ್ಷರಗಳನ್ನು ಅಂಕಿಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಆ-ಕಾರದಂಥ ಗುರುತಿಗೂ, ಮೂರು ಬೈಟ್. ಆರ್ಡುಯಿನೊ ಕೀಬೋರ್ಡ್ ಲೈಬ್ರರಿ 128 ಮತ್ತು ಅದಕ್ಕಿಂತ ದೊಡ್ಡ ಬೈಟ್‌ಗಳನ್ನು ವಿಶೇಷ ಕೀ ಅಂತ ತಿಳಿಯುತ್ತದೆ. ‘ಹ’ದ ಮೊದಲ ಬೈಟ್ 224, ಅದು ನಂಬರ್ ಪ್ಯಾಡಿನ ಎಂಟರ್. ಎರಡನೆಯದು 178, ಅದು ಬ್ಯಾಕ್‌ಸ್ಪೇಸ್! ಹೀಗೆ ‘ಹಾಸನ’ಕ್ಕೆ ನಾಲ್ಕು ಎಂಟರ್, ನಾಲ್ಕು ಬ್ಯಾಕ್‌ಸ್ಪೇಸ್ ಹೋಗಿ, ಕೊನೆಗೆ ಉಳಿಯುವುದು ಒಂದು ಬ್ಯಾಕ್‌ಸ್ಲ್ಯಾಶ್, ಒಂದು ಕಾಮಾ, ಒಂದು ಚೌಕ ಬ್ರಾಕೆಟ್, ಒಂದು 3. ನೋಟ್‌ಪ್ಯಾಡಿನಲ್ಲಾದರೆ ಪರವಾಗಿಲ್ಲ. ಆನ್‌ಲೈನ್ ಅರ್ಜಿಯಲ್ಲಿ ಆ ಎಂಟರ್‌ಗೇ ಅರ್ಜಿ ಅರ್ಧಂಬರ್ಧ ಸಲ್ಲಿಕೆಯಾಗಿಬಿಡಬಹುದು, ಬಂದವರ ಕೆಲಸ ಕೆಡುತ್ತದೆ.

ಇನ್ನೊಂದು ಮಾತು, ಇದು ನನಗೇ ಆದದ್ದು. ಬಟನ್ ನೋಡದೆ, ಮತ್ತೆ ಮತ್ತೆ ಓಡುತ್ತಲೇ ಇರುವ ಲೂಪಿನೊಳಗೆ ಸುಮ್ನೆ ಪ್ರಿಂಟ್ ಹಾಕಿ ಅಪ್‌ಲೋಡ್ ಮಾಡಿದ್ದೆ. ಮರುಕ್ಷಣವೇ ಬೋರ್ಡ್ ನನ್ನ ಕೋಡಿನ ಮೇಲೇ ಟೈಪ್ ಮಾಡಲು ಶುರು ಮಾಡಿತು, ಸರಿಪಡಿಸೋಣ ಅಂದರೆ ಒಂದು ಸಾಲು ಬರೆಯಲೂ ಬಿಡಲಿಲ್ಲ. ಹಾಗಾದರೆ ಕೇಬಲ್ ಕಿತ್ತು ಕೋಡ್ ತಿದ್ದಿ. ಮತ್ತೆ ಚುಚ್ಚಿ, ಪ್ರೊ ಮೈಕ್ರೊದ ರೀಸೆಟ್ ಪಿನ್ನನ್ನು ಗ್ರೌಂಡಿಗೆ ಬೇಗಬೇಗ ಎರಡು ಸಲ ತಾಗಿಸಿ. ಎಂಟು ಸೆಕೆಂಡ್ ಅದು ಹೊಸ ಪ್ರೋಗ್ರಾಂಗೆ ಕಾಯುತ್ತದೆ, ಅಷ್ಟರಲ್ಲಿ ಅಪ್‌ಲೋಡ್ ಶುರುವಾಗಬೇಕು.

ಪಾಸ್‌ವರ್ಡ್ ಬಟನ್ ಬೇಡವೇ ಬೇಡ. ನೀವು ಊಟಕ್ಕೆ ಹೋದಾಗ ಯಾರಾದರೂ ನೋಟ್‌ಪ್ಯಾಡ್ ತೆರೆದು ಆ ಬಟನ್ ಒತ್ತಿದರೆ ಸಾಕು, ಪಾಸ್‌ವರ್ಡ್ ಕಣ್ಣೆದುರಿಗೆ ಇರುತ್ತದೆ. ನಿಮ್ಮನ್ನು ನಂಬಿ ಬರುವವರ ದಾಖಲೆಗಳೆಲ್ಲ ಆ ಕಂಪ್ಯೂಟರಿನಲ್ಲೇ ಇವೆ ಅಲ್ವಾ.

ಪ್ರಶ್ನೆ: ನಮ್ಮ ಕಾಫಿ ಗೋಡೌನಿನ ತೂಕದ ಮಿಷನ್ನಿಗೆ ಹಿಂದೆ ಆರ್‌ಎಸ್232 ಪೋರ್ಟ್ (ಡೇಟಾ ಕಳಿಸುವ ಹಳೇ ಬಗೆಯ ಸೀರಿಯಲ್ ಕಿಂಡಿ) ಇದೆ. ಮೂಟೆಯ ತೂಕ ನೇರವಾಗಿ ಎಕ್ಸೆಲ್‌ಗೆ ಟೈಪ್ ಆಗುವ ಹಾಗೆ ಮಾಡಬಹುದಾ?
— ಕಾಫಿ ವ್ಯಾಪಾರದ ಓದುಗರು, ಚಿಕ್ಕಮಗಳೂರು

ಉತ್ತರ: ಖಂಡಿತ ಆಗುತ್ತದೆ, ಅದೇ ಪ್ರೊ ಮೈಕ್ರೊ ಸಾಕು. ಆದರೆ ಆ ಪೋರ್ಟಿನ ತಂತಿಯನ್ನು ನೇರವಾಗಿ ಬೋರ್ಡಿಗೆ ಕೊಡಬೇಡಿ. ಆರ್‌ಎಸ್232ರಲ್ಲಿ ವೋಲ್ಟೇಜ್ ಪ್ಲಸ್ಸಿಗೂ ಮೈನಸ್ಸಿಗೂ ಹೋಗುತ್ತದೆ, ಚಿಪ್ ಸುಡುತ್ತದೆ. ಮಧ್ಯೆ ಆ ವೋಲ್ಟೇಜನ್ನು ಬೋರ್ಡಿಗೆ ಹೊಂದಿಸಿ ಕೊಡುವ ಮ್ಯಾಕ್ಸ್3232 ಮಾಡ್ಯೂಲ್ ಇರಲಿ. ಬಾಡ್ ರೇಟ್, ಅಂದರೆ ಡೇಟಾ ಬರುವ ವೇಗ, ಎಷ್ಟು ಅಂತ ಮಿಷನ್ನಿನ ಪುಸ್ತಕದಲ್ಲಿ ನೋಡಿ.

ಕೆಲವು ಮಿಷನ್‌ಗಳು ತೂಕವನ್ನು ಬಿಡದೆ ಕಳಿಸುತ್ತಲೇ ಇರುತ್ತವೆ. ಅದನ್ನೆಲ್ಲ ಟೈಪ್ ಮಾಡಲು ಬಿಟ್ಟರೆ ಹಾಳೆ ತುಂಬಿಹೋಗುತ್ತದೆ. ಒಂದು ಬಟನ್ ಇಟ್ಟು, ಮುಳ್ಳು ನಿಂತ ಹಾಗೆ ಅಂಕಿ ನಿಂತ ಮೇಲೆ ಒತ್ತಿದಾಗ ಮಾತ್ರ ಹೋಗಲಿ. ತೂಕದ ಹಿಂದೆ ಬರುವ ಕೆಜಿ ಅನ್ನುವ ಅಕ್ಷರಗಳನ್ನು ಕೋಡಿನಲ್ಲೇ ಕತ್ತರಿಸಿ. ಇಲ್ಲದಿದ್ದರೆ ಎಕ್ಸೆಲ್ ಅದನ್ನು ಅಂಕಿ ಅಂತ ತಿಳಿಯದೆ ಮೊತ್ತಕ್ಕೆ ಸೇರಿಸುವುದಿಲ್ಲ.

ಕರ್ಸರ್ ಎಲ್ಲಿದೆ ಅಂತ ಈ ಬೋರ್ಡಿಗೆ ತಿಳಿಯುವ ದಾರಿಯೇ ಇಲ್ಲ. ಹುಡುಗ ಬೇರೆ ಕಿಟಕಿ ತೆರೆದಿದ್ದರೆ 50 ಕೆಜಿಯ ಮೂಟೆ ಲೆಕ್ಕದಿಂದಲೇ ಮಾಯ. ಅದಕ್ಕೆ ಪ್ರತಿ ಸಲ ಮೊದಲು ಮೂಟೆಯ ಕ್ರಮಸಂಖ್ಯೆ, ಆಮೇಲೆ ಟ್ಯಾಬ್, ತೂಕ, ಎಂಟರ್ ಹೋಗುವಂತೆ ಬರೆಯಿರಿ. ಹಾಳೆಯಲ್ಲಿ 37 ಆದ ಮೇಲೆ 39 ಕಂಡರೆ, 38ನೇ ಮೂಟೆಯನ್ನು ಆಗಲೇ ಮತ್ತೆ ತೂಗಿಸಬಹುದು, ಲಾರಿಗೆ ಹತ್ತಿಸುವ ಮೊದಲೇ.