ಎರಡು ಇಂಟರ್‌ನೆಟ್ ಲೈನ್ ಇರುವ ಲಿನಕ್ಸ್ ರೂಟರ್‌ನಲ್ಲಿ ಸೋರ್ಸ್ ಅಡ್ರೆಸ್ ಸರಿ ಮಾಡುವುದು ಹೇಗೆ?

ಸೋರ್ಸ್ ಅಡ್ರೆಸ್ ಅಂದರೆ ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಹೋಗುವ ಡೇಟಾದ ತುಣುಕು) ಯಾರಿಂದ ಹೊರಟಿತು ಅಂತ ಅದರ ಮೇಲೆ ಬರೆದ ವಿಳಾಸ. ನೀವು ಕೇಳಿದ್ದರಲ್ಲಿ ಎರಡು ತೊಂದರೆ ಇವೆ. ಒಂದು, ಎರಡನೇ ಐಎಸ್‌ಪಿ (ಇಂಟರ್‌ನೆಟ್ ಕೊಡುವ ಕಂಪನಿ) ಕೊಟ್ಟ ಅಡ್ರೆಸ್‌ಗೆ ಹೊರಗಿನಿಂದ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮಾಡಿದರೆ ಉತ್ತರ ಬರುತ್ತಿಲ್ಲ. ಇನ್ನೊಂದು, ವೈರ್‌ಗಾರ್ಡ್ ಟನಲ್ (ಎರಡು ಆಫೀಸುಗಳ ನಡುವಿನ ವಿಪಿಎನ್ ದಾರಿ) ಆಚೆ ಇರುವ ಬ್ರಾಂಚ್ ಆಫೀಸಿನ ಲಾಗ್ ಸರ್ವರ್ ನಿಮ್ಮ ಎಲ್ಲ ಪಿಸಿಗಳಿಗೂ ಸಿಗುತ್ತದೆ, ರೂಟರ್‌ಗೆ ಮಾತ್ರ ಸಿಗುವುದಿಲ್ಲ. ಎರಡೂ ಸೋರ್ಸ್ ಅಡ್ರೆಸ್ಸಿಗೆ ಸಂಬಂಧಪಟ್ಟವೇ, ಆದರೆ ಮದ್ದು ಬೇರೆ ಬೇರೆ.

ನಿಜವಾದ ಅಡ್ರೆಸ್ ಬೇಡ ಅಂತ ಎರಡು ಐಎಸ್‌ಪಿಗಳಿಗೆ ಉದಾಹರಣೆಗೆಂದೇ ಮೀಸಲಿಟ್ಟವನ್ನು, ಒಳಗಿನದಕ್ಕೆ ಖಾಸಗಿ ಅಡ್ರೆಸ್‌ಗಳನ್ನು ಬಳಸುತ್ತೇನೆ. ಈಥ್0 ಮೊದಲ ಐಎಸ್‌ಪಿ, 192.0.2.10. ಈಥ್1 ಎರಡನೇ ಐಎಸ್‌ಪಿ, 198.51.100.20. ಈಥ್2 ಆಫೀಸ್ ಲ್ಯಾನ್, 192.168.10.1. ಟನಲ್ ಡಬ್ಲ್ಯುಜಿ0, 10.99.0.1. ಬ್ರಾಂಚ್ ಲ್ಯಾನ್ 192.168.20.0/24. ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ.

ಮೊದಲು ಒಂದು ವಿಷಯ ಗಟ್ಟಿಯಾಗಬೇಕು. ಲಿನಕ್ಸ್‌ನಲ್ಲಿ ಐಪಿ ಅಡ್ರೆಸ್ ಇಂಟರ್‌ಫೇಸ್‌ನ ಸ್ವತ್ತಲ್ಲ, ಇಡೀ ಯಂತ್ರದ ಸ್ವತ್ತು. 198.51.100.20 ಅನ್ನುವ ಸೋರ್ಸ್ ಇಟ್ಟುಕೊಂಡ ಪ್ಯಾಕೆಟ್ ಈಥ್1ರಿಂದಲೇ ಹೋಗಬೇಕು ಅಂತ ಕರ್ನಲ್‌ಗೆ (ಲಿನಕ್ಸ್‌ನ ತಿರುಳು) ಯಾವ ನಿಯಮವೂ ಇಲ್ಲ. 1989ರ ಆರ್‌ಎಫ್‌ಸಿ (ಇಂಟರ್‌ನೆಟ್ ನಿಯಮಗಳ ದಾಖಲೆ) 1122ರಲ್ಲೇ ಇದಕ್ಕೆ ಅವಕಾಶ ಇದೆ, ವೀಕ್ ಮಾಡೆಲ್ ಅನ್ನುತ್ತಾರೆ. ಸಾಮಾನ್ಯವಾಗಿ ರೂಟಿಂಗ್ ಟೇಬಲ್ ನೋಡುವುದು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಮಾತ್ರ. ಎಲ್ಲಿಂದ ಬಂತು ಅಂತ ಅದು ಕೇಳುವುದೇ ಇಲ್ಲ.

ಸುಲಭದ್ದು ಮೊದಲು ಮುಗಿಸೋಣ, ಅಂದರೆ ಲಾಗ್ ಸರ್ವರ್. ಪಿಸಿಯಿಂದ ಬಂದ ಪ್ಯಾಕೆಟ್‌ಗೆ ಸೋರ್ಸ್ ಆಗಲೇ ಇರುತ್ತದೆ. ನ್ಯಾಟ್ (ದಾರಿಯಲ್ಲಿ ಅಡ್ರೆಸ್ ಬದಲಿಸುವ ವ್ಯವಸ್ಥೆ) ಇಲ್ಲದಿದ್ದರೆ ರೂಟರ್ ಅದನ್ನು ಮುಟ್ಟುವುದಿಲ್ಲ, ಸುಮ್ನೆ ಮುಂದೆ ತಳ್ಳುತ್ತದೆ. ರೂಟರ್ ತಾನೇ ಹುಟ್ಟಿಸಿದ ಪ್ಯಾಕೆಟ್ಟಿನ ಕಥೆ ಬೇರೆ. ಪ್ರೋಗ್ರಾಂ ತಾನಾಗಿ ಅಡ್ರೆಸ್ ಆರಿಸಿರದಿದ್ದರೆ ಕರ್ನಲ್ ಮೊದಲು ರೂಟ್ ಹುಡುಕುತ್ತದೆ. ಆ ರೂಟ್‌ನಲ್ಲಿ ಎಸ್‌ಆರ್‌ಸಿ (ಸೋರ್ಸ್‌ನ ಚಿಕ್ಕ ರೂಪ) ಅಂತ ಬರೆದಿದ್ದರೆ ಅದನ್ನೇ ತೆಗೆದುಕೊಳ್ಳುತ್ತದೆ. ಇಲ್ಲದಿದ್ದರೆ ಸಾಮಾನ್ಯವಾಗಿ ಹೊರಹೋಗುವ ಇಂಟರ್‌ಫೇಸ್‌ನ ಪ್ರೈಮರಿ ಅಡ್ರೆಸ್. ಇದನ್ನು ಊಹಿಸಬೇಕಿಲ್ಲ, ಕರ್ನಲ್‌ನನ್ನೇ ಕೇಳಬಹುದು:

ಐಪಿ ರೂಟ್ ಗೆಟ್ 192.168.20.5

ಉತ್ತರದಲ್ಲಿ ಎಸ್‌ಆರ್‌ಸಿ 10.99.0.1 ಅಂತ ಇರುತ್ತದೆ ನೋಡಿ. ಬ್ರಾಂಚ್ ಕಡೆಯ ವೈರ್‌ಗಾರ್ಡ್‌ನಲ್ಲಿ ಅಲೋಡ್ ಐಪಿ (ಟನಲ್‌ನಿಂದ ಒಪ್ಪಿಕೊಳ್ಳುವ ಅಡ್ರೆಸ್‌ಗಳು) ಅಂತ 192.168.10.0/24 ಒಂದನ್ನೇ ಕೊಟ್ಟಿದ್ದೀರಿ. 10.99.0.1ರಿಂದ ಬಂದದ್ದನ್ನು ಅದು ಸದ್ದಿಲ್ಲದೆ ಬಿಸಾಡುತ್ತದೆ. ಪಿಸಿಗಳದ್ದು ದಾಟುವುದು, ರೂಟರ್‌ದು ದಾಟದಿರುವುದು ಇದೇ ಕಾರಣಕ್ಕೆ. ಮದ್ದು ಒಂದೇ ಸಾಲು:

ಐಪಿ ರೂಟ್ ರಿಪ್ಲೇಸ್ 192.168.20.0/24 ಡೆವ್ ಡಬ್ಲ್ಯುಜಿ0 ಎಸ್‌ಆರ್‌ಸಿ 192.168.10.1

ಇಲ್ಲಿ ಒಂದು ಎಚ್ಚರ. ಎಸ್‌ಆರ್‌ಸಿಗೆ ಕೊಡುವ ಅಡ್ರೆಸ್ ಆ ಹೊತ್ತಿಗೆ ಯಂತ್ರದ ಮೇಲೆ ಇರಲೇಬೇಕು. ಬೂಟ್ ಆಗುವಾಗ ಈಥ್2ಕ್ಕೆ ಅಡ್ರೆಸ್ ಬರುವ ಮೊದಲೇ ಟನಲ್ ಎದ್ದರೆ ಈ ಕಮಾಂಡ್ ಫೇಲ್ ಆಗುತ್ತದೆ. ಆಮೇಲೆ ಯಾರಾದರೂ 192.168.10.1 ತೆಗೆದು ಮತ್ತೆ ಹಾಕಿದರೂ ರೂಟ್ ಮಾಯವಾಗುತ್ತದೆ, ತಾನಾಗಿ ವಾಪಸ್ ಬರುವುದಿಲ್ಲ. ಹಾಗಾಗಿ ಇದನ್ನು ಸಿಸ್ಟಂಡಿ ನೆಟ್‌ವರ್ಕ್‌ಡಿ ಅಥವಾ ನೆಟ್‌ವರ್ಕ್ ಮ್ಯಾನೇಜರ್ ಕಾನ್ಫಿಗ್‌ನಲ್ಲೇ ಬರೆದಿಡಿ.

ಈಗ ಎಸ್‌ಎಸ್‌ಎಚ್ ವಿಷಯ. ಎಸ್‌ಆರ್‌ಸಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಟಿಸಿಪಿ ಉತ್ತರ ಯಾವ ಅಡ್ರೆಸ್‌ಗೆ ಕರೆ ಬಂತೋ ಅದೇ ಅಡ್ರೆಸ್‌ನಿಂದ ಹೋಗಬೇಕು, ಸೋರ್ಸ್ ಮೊದಲೇ ಗಟ್ಟಿ. ಬದಲಾಗಬೇಕಾದದ್ದು ದಾರಿ. ಈಥ್1ರ ಮೇಲೆ ಟಿಸಿಪಿಡಂಪ್ (ಹೋಗಿಬರುವ ಪ್ಯಾಕೆಟ್ ತೋರಿಸುವ ಪ್ರೋಗ್ರಾಂ) ಹಾಕಿದಾಗ ಸಿನ್ (ಕನೆಕ್ಷನ್ ಕೇಳುವ ಮೊದಲ ಪ್ಯಾಕೆಟ್) ಬರುವುದು ಕಾಣುತ್ತದೆ ಅಂದಿರಿ. ಹಾಗೇ ಈಥ್0 ಮೇಲೂ ಹಾಕಿ ನೋಡಿ. ಸಿನ್ ಆ್ಯಕ್ (ಸಿನ್‌ಗೆ ರೂಟರ್ ಕೊಡುವ ಉತ್ತರ) ಅಲ್ಲಿ ಕಂಡರೆ, ಉತ್ತರ ಡಿಫಾಲ್ಟ್ ರೂಟ್ (ಬೇರೆ ದಾರಿ ಇಲ್ಲದಾಗ ಹಿಡಿಯುವ ದಾರಿ) ಹಿಡಿದು ಮೊದಲ ಐಎಸ್‌ಪಿ ಕಡೆ ಹೊರಟಿದೆ. ತನ್ನದಲ್ಲದ ಸೋರ್ಸ್ ನೋಡಿ ಆ ಐಎಸ್‌ಪಿ ಅದನ್ನು ಕೈಬಿಡುತ್ತದೆ. ಅವರು ಮಾಡುವುದು ಸರಿಯೇ, 2000ದಲ್ಲಿ ಬಂದ ಆರ್‌ಎಫ್‌ಸಿ 2827 ಹೇಳುವುದೂ ಅದನ್ನೇ.

ಸಿನ್ ಆ್ಯಕ್ ಯಾವ ಕಡೆಯೂ ಕಾಣದಿದ್ದರೆ, ಫೈರ್‌ವಾಲ್ ಬಯ್ಯುವ ಮೊದಲು ಆರ್‌ಪಿ ಫಿಲ್ಟರ್ ಅನ್ನುವ ಕರ್ನಲ್ ಸೆಟ್ಟಿಂಗ್ ನೋಡಿ. ಅದು 1 ಆಗಿದ್ದರೆ, ಬಂದವನಿಗೆ ವಾಪಸ್ ದಾರಿ ಅದೇ ಇಂಟರ್‌ಫೇಸ್‌ನಲ್ಲಿ ಇಲ್ಲದಿದ್ದಾಗ ಕರ್ನಲ್ ಪ್ಯಾಕೆಟ್ಟನ್ನು ಬಾಗಿಲಲ್ಲೇ ಬಿಸಾಡುತ್ತದೆ. ಟಿಸಿಪಿಡಂಪ್ ಅದಕ್ಕಿಂತ ಮುಂಚೆಯೇ ನೋಡುವುದರಿಂದ ಪ್ಯಾಕೆಟ್ ಒಳಗೆ ಬಂದ ಹಾಗೆ ಕಾಣುತ್ತದೆ. ಆಲ್ ಮತ್ತು ಈಥ್1, ಎರಡರ ಸೆಟ್ಟಿಂಗ್‌ನಲ್ಲಿ ಯಾವುದು ದೊಡ್ಡದೋ ಅದು ಜಾರಿಗೆ ಬರುತ್ತದೆ. ಈಥ್1ನ್ನು 0 ಮಾಡಿ ಆಲ್ 1 ಬಿಟ್ಟರೆ ಏನೂ ಪ್ರಯೋಜನವಿಲ್ಲ.

ಸರಿ ಮಾಡಲು ಎರಡನೇ ಐಎಸ್‌ಪಿಗೆ ಬೇರೆಯದೇ ಟೇಬಲ್ ಕೊಡಿ:

ಐಪಿ ರೂಟ್ ಆ್ಯಡ್ 198.51.100.0/24 ಡೆವ್ ಈಥ್1 ಎಸ್‌ಆರ್‌ಸಿ 198.51.100.20 ಟೇಬಲ್ 102
ಐಪಿ ರೂಟ್ ಆ್ಯಡ್ ಡಿಫಾಲ್ಟ್ ವಯಾ 198.51.100.1 ಡೆವ್ ಈಥ್1 ಟೇಬಲ್ 102
ಐಪಿ ರೂಲ್ ಆ್ಯಡ್ ಫ್ರಮ್ 198.51.100.20 ಟೇಬಲ್ 102 ಪ್ರಯಾರಿಟಿ 1002

ಮೇನ್ ಟೇಬಲ್‌ನ ರೂಲ್ 32766ರಲ್ಲಿ ಇರುತ್ತದೆ. ನಮ್ಮದು 1002 ಆದ್ದರಿಂದ ಅದಕ್ಕಿಂತ ಮುಂಚೆ ಬರುತ್ತದೆ. ಆದರೆ ಟೇಬಲ್ 102ಕ್ಕೆ ನಿಮ್ಮ ಲ್ಯಾನ್ ಆಗಲಿ ಬ್ರಾಂಚ್ ಆಗಲಿ ಗೊತ್ತಿಲ್ಲ ಅಲ್ವಾ? ಲ್ಯಾನ್‌ನ ಪಿಸಿಯೊಂದು 198.51.100.20ಕ್ಕೆ ಮಾತಾಡಿದರೆ ಉತ್ತರ ಇಂಟರ್‌ನೆಟ್ ಕಡೆ ಹೊರಟುಬಿಡುತ್ತದೆ. ಅದಕ್ಕೆ ಇನ್ನೊಂದು ಸಾಲು:

ಐಪಿ ರೂಲ್ ಆ್ಯಡ್ ಪ್ರಯಾರಿಟಿ 1000 ಟೇಬಲ್ ಮೇನ್ ಸಪ್ರೆಸ್_ಪ್ರಿಫಿಕ್ಸ್‌ಲೆಂಗ್ತ್ 0

ಅಂದರೆ, ಮೊದಲು ಮೇನ್ ಟೇಬಲ್ ನೋಡು, ಸಿಕ್ಕಿದ್ದು ಬರೀ ಡಿಫಾಲ್ಟ್ ರೂಟ್ ಆದರೆ ಬಿಟ್ಟು ಮುಂದೆ ಹೋಗು. ಲ್ಯಾನ್ ರೂಟ್‌ಗಳನ್ನು ಪ್ರತಿ ಟೇಬಲ್‌ಗೂ ನಕಲು ಮಾಡುವ ಗೋಳು ತಪ್ಪುತ್ತದೆ. ಈ ಸಾಲು ನನಗೆ ಬಹಳ ಇಷ್ಟ. ಮೊದಲ ಐಎಸ್‌ಪಿಗೂ 101 ಅಂತ ಇದೇ ರೀತಿ ಮಾಡಿಡಿ, ನಾಳೆ ಡಿಫಾಲ್ಟ್ ರೂಟ್ ಆ ಕಡೆ ಈ ಕಡೆ ಮಾಡಿದರೂ ಎರಡೂ ಅಡ್ರೆಸ್ ಕೆಲಸ ಮಾಡುತ್ತಿರುತ್ತವೆ. ರೂಟರ್‌ಗೇ ಬರುವ ಪ್ಯಾಕೆಟ್‌ಗಳ ಮಟ್ಟಿಗೆ ಆರ್‌ಪಿ ಫಿಲ್ಟರ್ ಕೂಡ ಈ ರೂಲ್‌ಗಳನ್ನು ನೋಡಿಯೇ ತೀರ್ಮಾನ ಮಾಡುತ್ತದೆ, ಹಾಗಾಗಿ 1 ಇದ್ದರೂ ನಡೆಯುತ್ತದೆ.

ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದ ಕನೆಕ್ಷನ್ ಅನ್ನು ಲ್ಯಾನ್ ಸರ್ವರ್‌ಗೆ ದಾಟಿಸುವುದು) ಮಾಡಿದ್ದರೆ ಮಾತ್ರ ಇದು ಸಾಲದು. ಲ್ಯಾನ್ ಸರ್ವರ್‌ನ ಉತ್ತರ ರೂಟಿಂಗ್ ಹಂತಕ್ಕೆ ಬಂದಾಗ ಅದರ ಸೋರ್ಸ್ ಇನ್ನೂ 192.168.10.50 ಆಗಿಯೇ ಇರುತ್ತದೆ. ನ್ಯಾಟ್ ಅದನ್ನು ಬದಲಿಸುವುದು ಆಮೇಲೆ. ಫ್ರಮ್ ರೂಲ್ ಅದಕ್ಕೆ ತಾಗುವುದೇ ಇಲ್ಲ. ಅಲ್ಲಿ ಈಥ್1ರಿಂದ ಬಂದ ಕನೆಕ್ಷನ್‌ಗೆ ಕನೆಕ್ಷನ್ ಮಾರ್ಕ್ ಹಾಕಿ, ಉತ್ತರ ಬಂದಾಗ ಆ ಮಾರ್ಕ್ ಪ್ಯಾಕೆಟ್‌ಗೆ ವಾಪಸ್ ಕೊಟ್ಟು, ಎಫ್‌ಡಬ್ಲ್ಯುಮಾರ್ಕ್ ರೂಲ್‌ನಿಂದ ಟೇಬಲ್ 102ಕ್ಕೆ ಕಳಿಸಬೇಕು. ಆಗ ಆರ್‌ಪಿ ಫಿಲ್ಟರನ್ನೂ 2 (ಸಡಿಲ ಪರಿಶೀಲನೆ) ಮಾಡಿ.

ಯುಡಿಪಿ (ಟಿಸಿಪಿ ಹಾಗೆ ಕನೆಕ್ಷನ್ ಕಟ್ಟದೆ ಪ್ಯಾಕೆಟ್ ಕಳಿಸುವ ವಿಧಾನ) ಇನ್ನೊಂದು ಕಡೆ ಕೈಕೊಡುತ್ತದೆ. 0.0.0.0, ಅಂದರೆ ಯಂತ್ರದ ಎಲ್ಲ ಅಡ್ರೆಸ್‌ಗಳ ಮೇಲೆ ಕೂತ ಸರ್ವಿಸ್ ಉತ್ತರ ಕೊಡುವಾಗ, ಪ್ರೋಗ್ರಾಂ ಹುಷಾರಾಗಿ ಬರೆದಿಲ್ಲದಿದ್ದರೆ, ಸೋರ್ಸ್ ಹೊಸದಾಗಿ ಆಯ್ಕೆಯಾಗುತ್ತದೆ. ಕೇಳಿದ್ದು ಒಂದು ಅಡ್ರೆಸ್, ಉತ್ತರ ಇನ್ನೊಂದರಿಂದ. ಎಸ್‌ಎನ್‌ಎಂಪಿ, ಡಿಎನ್‌ಎಸ್ ಇದ್ದರೆ ಒಂದೊಂದು ಅಡ್ರೆಸ್‌ಗೂ ಬೇರೆ ಬೇರೆಯಾಗಿ ಬೈಂಡ್ ಮಾಡಿ.

ಪರೀಕ್ಷೆ ಮಾಡುವಾಗ ಪಿಂಗ್‌ನ ದೊಡ್ಡ ಐ ಆಪ್ಷನ್‌ಗೆ ಈಥ್1 ಅಂತ ಕೊಡಬೇಡಿ, 198.51.100.20 ಅಂತ ಅಡ್ರೆಸ್ ಕೊಡಿ. ಇಂಟರ್‌ಫೇಸ್ ಹೆಸರು ಕೊಟ್ಟರೆ ಪ್ಯಾಕೆಟ್ಟನ್ನು ಬಲವಂತವಾಗಿ ಅಲ್ಲಿಂದಲೇ ಕಳಿಸಿದ ಹಾಗಾಗುತ್ತದೆ, ನಿಮ್ಮ ಫ್ರಮ್ ರೂಲ್ ಸರಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಆಮೇಲೂ ಆಗದಿದ್ದರೆ ಐಪಿ ರೂಲ್ ಶೋ ಮತ್ತು ಐಪಿ ರೂಟ್ ಶೋ ಟೇಬಲ್ 102, ಇವೆರಡರ ಔಟ್‌ಪುಟ್ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.