ಬ್ರಿಟನ್ನಿನ ಫುಡ್ ಬ್ಯಾಂಕ್: ಚೀಟಿ ಯಾಕೆ, ಮೂರೇ ದಿನದ ದಿನಸಿ ಯಾಕೆ

ಸೂಪರ್‌ಮಾರ್ಕೆಟ್ ಬಾಗಿಲಲ್ಲಿ ಕಾಣುವ ಫುಡ್ ಬ್ಯಾಂಕ್ ಬುಟ್ಟಿ ಏನು, ಕೈ ಖಾಲಿಯಾದಾಗ ಅಲ್ಲಿಗೆ ಹೋದರೆ ಸ್ಟೂಡೆಂಟ್ ವೀಸಾಕ್ಕೆ ಕುತ್ತು ಬರುತ್ತಾ ಅಂತ ಕೇಳಿದ್ದೀರಿ. ಜನ ದಾನ ಕೊಟ್ಟ ದಿನಸಿಯನ್ನು ಕಷ್ಟದಲ್ಲಿರುವವರಿಗೆ ಪುಕ್ಕಟೆ ಕೊಡುವ ಚಾರಿಟಿ ಕೇಂದ್ರವೇ ಫುಡ್ ಬ್ಯಾಂಕ್, ದಾನ ಹಾಕುವುದಕ್ಕೆ ಆ ಬುಟ್ಟಿ. ಅಲ್ಲಿಗೆ ಹೋದರೆ ವೀಸಾಕ್ಕೆ ಕುತ್ತು ಬರುವುದಿಲ್ಲ. ವೀಸಾದಲ್ಲಿ ‘ಪಬ್ಲಿಕ್ ಫಂಡ್ಸ್’ ಪಡೆಯಬಾರದು ಅಂತ ಇರುವುದು ಯೂನಿವರ್ಸಲ್ ಕ್ರೆಡಿಟ್‌ನಂಥ ಸರ್ಕಾರಿ ಭತ್ಯೆಗಳಿಗೆ. ಚಾರಿಟಿ ಕೊಡುವ ದಿನಸಿ ಅದರಲ್ಲಿ ಸೇರಿಲ್ಲ.

ಆದರೆ ಇದು ಇಂದಿರಾ ಕ್ಯಾಂಟೀನಿನ ಹಾಗೆ ಟೋಕನ್ ತಗೊಂಡು ಉಣ್ಣುವ ಜಾಗವಲ್ಲ. ಇಲ್ಲಿನ ದೊಡ್ಡ ಜಾಲ ಟ್ರಸೆಲ್. ಪ್ಯಾಡಿ ಮತ್ತು ಕ್ಯಾರೊಲ್ ಹೆಂಡರ್ಸನ್ ದಂಪತಿ 1997ರಲ್ಲಿ ಇದನ್ನು ಕಟ್ಟಿದ್ದು ಬಲ್ಗೇರಿಯಾದ ಸೋಫಿಯಾದಲ್ಲಿ ರೈಲು ನಿಲ್ದಾಣದಲ್ಲೇ ಮಲಗುತ್ತಿದ್ದ ಮಕ್ಕಳಿಗಾಗಿ. ಆಮೇಲೆ ಇಂಗ್ಲೆಂಡಿನಲ್ಲಿ ಅವರದೇ ಊರು ಸಾಲ್ಸ್‌ಬರಿಯ ತಾಯಿಯೊಬ್ಬಳು ಫೋನ್ ಮಾಡಿ, ನನ್ನ ಮಕ್ಕಳು ಇವತ್ತು ಹಸಿದೇ ಮಲಗಬೇಕು, ಇದಕ್ಕೇನು ಮಾಡುತ್ತೀರಿ ಎಂದಳು. 2000ರಲ್ಲಿ ಅವರ ಗ್ಯಾರೇಜು, ಹಿತ್ತಲ ಶೆಡ್ಡಿನಲ್ಲೇ ಮೊದಲ ಫುಡ್ ಬ್ಯಾಂಕ್ ಶುರುವಾಯಿತು. 2004ರಿಂದ ಬೇರೆ ಊರಿನ ಚರ್ಚುಗಳೂ ಕೈಜೋಡಿಸಿದವು. 2023-24ರಲ್ಲಿ ಈ ಜಾಲ ಕೊಟ್ಟ ಪಾರ್ಸೆಲ್ 31 ಲಕ್ಷಕ್ಕೂ ಹೆಚ್ಚು. ಶ್ರೀಮಂತ ದೇಶಕ್ಕೆ ಹೆಮ್ಮೆಯ ಲೆಕ್ಕವೇನಲ್ಲ.

ಆಪತ್ತಿನ ಕೆಲವು ದಿನ ದಾಟಿಸುವುದಕ್ಕೆ ಹುಟ್ಟಿದ್ದರಿಂದಲೇ ಸಾಮಾನ್ಯವಾಗಿ ಮೂರು ದಿನದ ದಿನಸಿ. ಅಷ್ಟರಲ್ಲಿ ಮೂಲ ಸಮಸ್ಯೆಯನ್ನು ಬೇರೆಯವರು ನೋಡಬೇಕು, ಅದಕ್ಕೇ ಚೀಟಿ. ಜಿಪಿ (ನಿಮ್ಮ ಏರಿಯಾದ ಡಾಕ್ಟರು), ಪುಕ್ಕಟೆ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆ, ಸೋಷಿಯಲ್ ವರ್ಕರ್ ಇಂಥವರು ಈ ಚೀಟಿ, ಅಂದರೆ ವೋಚರ್ ಬರೆಯುತ್ತಾರೆ. ನೀವು ಮೊದಲು ಯೂನಿವರ್ಸಿಟಿಯ ಸ್ಟೂಡೆಂಟ್ ಸಪೋರ್ಟ್‌ನಲ್ಲಿ ಕೇಳಿ. ಅನೇಕ ಕೇಂದ್ರಗಳು ವಾರಕ್ಕೆ ಒಂದೆರಡು ದಿನ, ಕೆಲವೇ ಗಂಟೆ ತೆರೆದಿರುತ್ತವೆ. ಸಮಯ ನೋಡದೆ ಹೋದವರು ಬೀಗ ನೋಡಿ ಬರುತ್ತಾರೆ.

ಚೀಲದಲ್ಲಿ ಸೀರಿಯಲ್, ಪಾಸ್ತಾ ಅಥವಾ ಅಕ್ಕಿ, ಬೀನ್ಸ್, ಟೊಮೆಟೊ, ಸೂಪ್, ಹಣ್ಣಿನ ಡಬ್ಬಿ, ಫ್ರಿಜ್ ಇಲ್ಲದೆಯೂ ಕೆಡದ ಯುಎಚ್‌ಟಿ ಹಾಲಿನ ಪ್ಯಾಕೆಟ್, ಟೀ, ಬಿಸ್ಕತ್ತು ಇರುತ್ತೆ. ಮಾಂಸ, ಮೀನಿನ ಡಬ್ಬಿಯೂ ಇರುತ್ತೆ. ಸಸ್ಯಾಹಾರಿ ಅಂತ ಮೊದಲೇ ಹೇಳಿ. ತರಕಾರಿ ಸೂಪಿಗೂ ಚಿಕನ್ ಸ್ಟಾಕ್ (ಕೋಳಿ ಬೇಯಿಸಿದ ರಸ) ಹಾಕಿರಬಹುದು, ಲೇಬಲ್ ಓದಿ. ರೂಮಿನಲ್ಲಿ ಒಲೆಯಿಲ್ಲ, ಕೆಟಲ್ ಮಾತ್ರ ಇದೆ ಅಂದರೆ ಬಿಸಿನೀರು ಹಾಕಿದರೆ ಸಾಕಾಗುವಂಥದ್ದನ್ನು ಕೊಡುತ್ತಾರೆ. ನಾಚಿಕೊಂಡು ಇದನ್ನು ಹೇಳದೆ ಪಾಸ್ತಾ ಹೊತ್ತು ತಂದರೆ ಪ್ರಯೋಜನವಿಲ್ಲ.

ಮುಂದೆ ನೀವೇ ಬುಟ್ಟಿಗೆ ಹಾಕುವಾಗ ಸೀಲ್ ಒಡೆಯದ, ತಾರೀಕು ದೂರವಿರುವ ಪೊಟ್ಟಣ ಹಾಕಿ. ದೊಡ್ಡ ಚೀಲದ ತೊಗರಿಬೇಳೆಯನ್ನು ಕವರಿಗೆ ಸುರಿದು ಕೊಟ್ಟರೆ ಬಳಸಲಾಗದು. ಅದರ ಮೇಲೆ ತಾರೀಕೂ ಇಲ್ಲ, ಅಲರ್ಜಿ ವಿವರವೂ ಇಲ್ಲ.

ಇವತ್ತೇ ಬಿಸಿ ಊಟ ಬೇಕೆಂದರೆ ಚೀಟಿ ಬೇಡ, ಗುರುದ್ವಾರಕ್ಕೆ ಹೋಗಿ. ಲಂಡನ್ನಿನಲ್ಲಾದರೆ ಸೌತಾಲ್‌ನ ಗುರು ನಾನಕ್ ರೋಡಿನಲ್ಲಿ (ಹಿಂದಿನ ಹ್ಯಾವ್‌ಲಾಕ್ ರೋಡ್) ಒಂದಿದೆ. ಅಲ್ಲಿ ಎಲ್ಲರಿಗೂ ಪುಕ್ಕಟೆ ಬಡಿಸುವ ಊಟ, ಲಂಗರ್, ಪೂರ್ತಿ ಸಸ್ಯಾಹಾರ. ಚಪ್ಪಲಿ ಬಿಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋಗಿ. ತಟ್ಟೆಯಲ್ಲಿ ಮಾತ್ರ ಏನೂ ಬಿಡಬೇಡಿ.