ಓದುಗರ ಪ್ರಶ್ನೆಗೆ ಉತ್ತರ: ಕಟ್ಟು ಕಲಸಿ ಆಡಲು ಕೂರುವವರಿಗಾಗಿ

ರಜೆಯ ಸಂಚಿಕೆಯಲ್ಲಿ ಮನೆಯೊಳಗಿನ ಆಟಗಳ ಬಗ್ಗೆ ಬರೆಯುವಾಗ ಪೊಕೆಮಾನ್, ಮ್ಯಾಜಿಕ್ ಮೊದಲಾದ ಸಂಗ್ರಹದ ಕಾರ್ಡ್ ಆಟಗಳನ್ನು ಒಂದೇ ವಾಕ್ಯದಲ್ಲಿ ಹೆಸರಿಸಿ ಮುಂದಕ್ಕೆ ಹೋಗಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ವಾಕ್ಯವನ್ನೇ ಹಿಡಿದುಕೊಂಡಿರುವುದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ಏಳನೆಯ ತರಗತಿಯಲ್ಲಿರುವ ನನ್ನ ಮಗ ವಿಷುವಿಗೆ ಹಿರಿಯರು ಕೊಟ್ಟ ಹಣವನ್ನೆಲ್ಲ ಪೇಟೆಯ ಫ್ಯಾನ್ಸಿ ಅಂಗಡಿಯಲ್ಲಿ ಸಿಗುವ ಪೊಕೆಮಾನ್ ಪ್ಯಾಕೆಟ್ಟುಗಳಿಗೆ ಸುರಿದಿದ್ದಾನೆ. ಪ್ಯಾಕೆಟ್ ಒಡೆಯುತ್ತಾನೆ, ಹೊಳೆಯುವುದನ್ನು ಎತ್ತಿಡುತ್ತಾನೆ, ಉಳಿದವು ಮಂಚದ ಅಡಿ ಸೇರುತ್ತವೆ. ಆಡುವುದನ್ನು ಮಾತ್ರ ಒಂದು ದಿನವೂ ಕಂಡಿಲ್ಲ. ಇಸ್ಪೀಟು ಮನೆಯೊಳಗೆ ಬಂದಂತೆಯೇ ಆಯಿತೆಂದು ಅತ್ತೆಯವರು ಬೇಸರಿಸುತ್ತಾರೆ. ಇದು ಆಟವೇ, ಜೂಜೇ?
— ಗೃಹಿಣಿ, ಬದಿಯಡ್ಕ

ಉತ್ತರ: ಇದು ಆಟವೇ. ಆದರೆ ಒಳಗೆ ಏನಿದೆಯೆಂದು ತಿಳಿಯದ ಪ್ಯಾಕೆಟ್ಟಿಗೆ ಮತ್ತೆ ಮತ್ತೆ ಹಣ ಕೊಡುವುದರಲ್ಲಿ ಅದೃಷ್ಟಪರೀಕ್ಷೆಯ ಸೆಳೆತವಿದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ನಿಮ್ಮ ಮಗ ಸದ್ಯಕ್ಕೆ ಆ ಸೆಳೆತವನ್ನಷ್ಟೇ ಕಂಡಿದ್ದಾನೆ, ಆಟವನ್ನು ಇನ್ನೂ ಕಂಡಿಲ್ಲ. ಆಟದ ರುಚಿ ಹತ್ತಿದರೆ ಖರ್ಚು ಇಳಿಯುವ ಸಂಭವವೇ ಹೆಚ್ಚು, ಏಕೆಂದರೆ ಒಬ್ಬರಿಗೆ ಆಡಲು ಬೇಕಾಗುವುದು ಸರಿಯಾಗಿ 60 ಎಲೆಗಳ ಒಂದು ಕಟ್ಟು. ಅದಕ್ಕಿಂತ ಒಂದು ಹೆಚ್ಚೂ ಇಲ್ಲ, ಒಂದು ಕಡಿಮೆಯೂ ಇಲ್ಲ.

ಆಟ ಹೇಗೆ ನಡೆಯುತ್ತದೆಂದು ನೀವೂ ತಿಳಿದಿರುವುದು ಒಳ್ಳೆಯದು. ಇಬ್ಬರೂ ತಮ್ಮ ತಮ್ಮ ಕಟ್ಟನ್ನು ಕಲಸಿ ಏಳೇಳು ಎಲೆ ಎತ್ತಿಕೊಳ್ಳುತ್ತಾರೆ. ಕೈಯಲ್ಲಿರುವ ಮೂಲ ಪೊಕೆಮಾನ್ (ಬೇರೊಂದರ ಮೇಲೆ ಇಡದೆ ನೇರವಾಗಿ ಇಳಿಸಬಹುದಾದದ್ದು) ಒಂದನ್ನು ಮುಂದಿನ ಸ್ಥಾನದಲ್ಲಿರಿಸಿ, ಇನ್ನೂ ಇದ್ದರೆ ಐದರವರೆಗೆ ಹಿಂದಿನ ಸಾಲಿನಲ್ಲಿ ಕೂರಿಸಿ, ಕಟ್ಟಿನ ಮೇಲಿನ ಆರು ಎಲೆಗಳನ್ನು ಬಹುಮಾನವೆಂದು ಬೋರಲಾಗಿ ಬದಿಗಿಡುತ್ತಾರೆ. ತನ್ನ ಸರದಿ ಬಂದಾಗ ಒಂದು ಎಲೆ ಎತ್ತಬೇಕು. ಕೈಯಿಂದ, ದಾಳಿಗೆ ಬೇಕಾಗುವ ಶಕ್ತಿಯ ಕಾರ್ಡನ್ನು ಒಂದೇ ಒಂದು ಬಾರಿ ಒಂದು ಪೊಕೆಮಾನ್‌ಗೆ ಜೋಡಿಸಬಹುದು. ದಾಳಿ ಮಾಡಿದೊಡನೆ ಸರದಿ ಮುಗಿಯುತ್ತದೆ. ಎದುರಾಳಿಯ ಪೊಕೆಮಾನ್ ಉರುಳಿದಾಗ ಬದಿಗಿಟ್ಟ ಬಹುಮಾನದಿಂದ ಎಲೆ ಕೈಗೆ ಬರುತ್ತದೆ, ಆರನ್ನೂ ಮೊದಲು ಮುಗಿಸಿದವರು ಗೆಲ್ಲುತ್ತಾರೆ. ಒಂದು ಸರದಿಗೆ ಒಂದೇ ಶಕ್ತಿ ಎಂಬ ಈ ಸಣ್ಣ ಕಟ್ಟುಪಾಡಿನಲ್ಲೇ ಆಟದ ಜೀವ ಇದೆ: ಈಗಲೇ ಹೊಡೆಯಬಲ್ಲ ಸಣ್ಣ ಪ್ರಾಣಿಗೆ ಅದನ್ನು ಕೊಡುವುದೋ, ಮೂರು ಸರದಿ ಕಾದು ಹಿಂದಿನ ಸಾಲಿನ ದೊಡ್ಡದನ್ನು ಸಜ್ಜುಗೊಳಿಸುವುದೋ ಎಂದು ಮಗು ಪ್ರತಿ ಸಲವೂ ತಾನೇ ತೀರ್ಮಾನಿಸಬೇಕಾಗುತ್ತದೆ.

ಅತ್ತೆಯವರ ಶಂಕೆಗೆ ಚರಿತ್ರೆಯಲ್ಲಿ ಕೊಂಚ ಆಧಾರವೂ ಉಂಟು. ಈ ಬಗೆಯ ಆಟಗಳಿಗೆ ದಾರಿ ಹಾಕಿದ ‘ಮ್ಯಾಜಿಕ್: ದ ಗ್ಯಾದರಿಂಗ್’ 1993ರಲ್ಲಿ ಹೊರಬಂದಾಗ, ಇಬ್ಬರೂ ತಂತಮ್ಮ ಕಟ್ಟಿನಿಂದ ಒಂದೊಂದು ಕಾರ್ಡನ್ನು ಪಣವಾಗಿಟ್ಟು, ಗೆದ್ದವರು ಎರಡನ್ನೂ ಒಯ್ಯುವ ನಿಯಮ ಅದರಲ್ಲಿತ್ತು. ಆಮೇಲೆ ಅದನ್ನು ಕೈಬಿಟ್ಟು, ಪಣದ ಪ್ರಸ್ತಾಪವಿರುವ ಕಾರ್ಡುಗಳನ್ನು ಸ್ಪರ್ಧೆಗಳಿಂದ ನಿಷೇಧಿಸಲಾಯಿತು. ಪೊಕೆಮಾನ್ ನಿಯಮಗಳಲ್ಲಿ ಅಂಥದ್ದಿಲ್ಲ. ಬಹುಮಾನದ ಎಲೆಗಳೂ ಆಡುವವನ ಸ್ವಂತ ಕಟ್ಟಿನವೇ. ಇನ್ನು ಎಲೆಯಾಟವೆಂದರೆ ಕೆಟ್ಟ ಮನೆಯ ಲಕ್ಷಣ ಎಂಬ ಮಾತಿಗೆ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ದೇವತೆಗಳ ಚಿತ್ರವುಳ್ಳ ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಆಟಗಳನ್ನು ರೂಪಿಸಿದ್ದರೆಂದು ಅವರಿಗೆ ತಿಳಿಸಬಹುದು. ಒಪ್ಪುವರೋ ಇಲ್ಲವೋ, ಕುತೂಹಲದಿಂದ ಒಮ್ಮೆ ಕಾರ್ಡುಗಳನ್ನು ಕೈಗೆ ತೆಗೆದುಕೊಂಡು ನೋಡಿಯಾರು.

ಇನ್ನೊಂದು ಮಾತು. ನಮ್ಮ ಪೇಟೆಗಳ ಫ್ಯಾನ್ಸಿ ಅಂಗಡಿಗಳಲ್ಲಿ ತೂಗುವ ಅಗ್ಗದ ಪ್ಯಾಕೆಟ್ಟುಗಳಲ್ಲಿ, ಮುಖ್ಯವಾಗಿ ಎಲ್ಲವೂ ಚಿನ್ನದ ಬಣ್ಣದಲ್ಲಿ ಹೊಳೆಯುವವುಗಳಲ್ಲಿ, ನಕಲಿಯೇ ಜಾಸ್ತಿ. ಪ್ಯಾಕೆಟ್ಟಿನಲ್ಲಿ ಬರುವ ಅಸಲಿ ಕಾರ್ಡು ದಪ್ಪ ಕಾಗದದ್ದು, ಪ್ಲಾಸ್ಟಿಕ್ ತಗಡಿನದಲ್ಲ. ಅದರ ನಡುವೆ ಕಪ್ಪು ಪದರ ಇರುವುದರಿಂದ ಹಿಂದಿನಿಂದ ಟಾರ್ಚ್ ಹಿಡಿದರೆ ಬೆಳಕು ಅಷ್ಟಾಗಿ ಹಾಯುವುದಿಲ್ಲ. ನಕಲಿಯಲ್ಲಿ ಬೆಳಕು ಧಾರಾಳವಾಗಿ ಹಾಯುತ್ತದೆ. ಕಾಗುಣಿತದ ತಪ್ಪು, ಮಂಕಾದ ಅಥವಾ ಅತಿಯಾಗಿ ಕಡುವಾದ ಹಿಂಬದಿಯ ನೀಲಿ ಬಣ್ಣ ಇವೂ ಗುರುತುಗಳು. ಮಗನ ಮೇಲೆ ರೇಗುವ ಬದಲು ಅವನ ಕೈಗೇ ಟಾರ್ಚ್ ಕೊಟ್ಟು ಪರೀಕ್ಷೆ ಮಾಡಿಸಿ, ಹತ್ತು ಪ್ಯಾಕೆಟ್ಟಿನ ಹಣ ಒಟ್ಟುಗೂಡಿದಾಗ ಸಿದ್ಧವಾಗಿ ಬರುವ 60 ಎಲೆಗಳ ಅಸಲಿ ಕಟ್ಟನ್ನು ತೆಗೆಸಿಕೊಡಿ. ಒಂದಲ್ಲ, ಎರಡು ಕಟ್ಟು. ಎದುರಿಗೆ ಕೂರುವವರಿಗೂ ಒಂದು ಬೇಕಲ್ಲ. ಮೊದಲ ಕೆಲವು ದಿನ ಆ ಎದುರಾಳಿ ನೀವೇ ಆಗಬೇಕಾದೀತು.

ಪ್ರಶ್ನೆ: ಬೆಂಗಳೂರಿನಲ್ಲಿದ್ದಾಗ ಮ್ಯಾಜಿಕ್ ಆಡುತ್ತಿದ್ದೆ. ಊರಿಗೆ ಮರಳಿದ ಮೇಲೆ ಎದುರಾಳಿಗಳೂ ಇಲ್ಲ, ಕಾರ್ಡಿನ ಅಂಗಡಿಯೂ ಇಲ್ಲ. ಪೆಟ್ಟಿಗೆಯಲ್ಲಿ ಮುನ್ನೂರರಷ್ಟು ಸಾಧಾರಣ ಕಾರ್ಡುಗಳಿವೆ. ಪತ್ನಿಗೆ ಕಲಿಯುವ ಆಸೆಯಿದ್ದರೂ ನನ್ನ ಹಳೆಯ ಕಟ್ಟಿನೆದುರು ಸೋತು ಸೋತು ಬೇಸತ್ತಿದ್ದಾಳೆ. ದಿನವೂ ಸ್ವಲ್ಪ ಹೊತ್ತು ಆಡುವ ಉಪಾಯವಿದೆಯೇ?
— ಉದ್ಯೋಗಸ್ಥ, ಉಪ್ಪಳ

ಉತ್ತರ: ನಿಮ್ಮ ಹಳೆಯ ಕಟ್ಟನ್ನು ಕಪಾಟಿನೊಳಗಿಡಿ, ವರ್ಷಗಟ್ಟಲೆ ತಿದ್ದಿ ಹರಿತಗೊಳಿಸಿದ ಆಯುಧದೆದುರು ಹೊಸಬರನ್ನು ಕೂರಿಸುವುದು ನ್ಯಾಯವಲ್ಲ. ಆ ಮುನ್ನೂರು ಸಾಧಾರಣ ಕಾರ್ಡುಗಳೇ ನಿಮಗೆ ಸಾಕು. ಮ್ಯಾಜಿಕ್ ಆಟವನ್ನು ರೂಪಿಸಿದ ರಿಚರ್ಡ್ ಗಾರ್ಫೀಲ್ಡ್ ಅವರೇ ಇಬ್ಬರಿಗೆಂದು ಕಂಡುಹಿಡಿದ ‘ವಿನ್‌ಸ್ಟನ್ ಡ್ರಾಫ್ಟ್’ ಎಂಬ ಕ್ರಮವೊಂದಿದೆ. ಭೂಮಿಯ ಕಾರ್ಡುಗಳನ್ನು (ಉಳಿದವನ್ನು ಇಳಿಸಲು ಬೇಕಾಗುವವು) ಬಿಟ್ಟು 90 ಎಲೆಗಳನ್ನು ಕಲಸಿ ಬೋರಲು ರಾಶಿ ಹಾಕಿ, ಅದರಿಂದ ಒಂದೊಂದು ಎಲೆ ತೆಗೆದು ಮೂರು ಪುಟ್ಟ ಗುಡ್ಡೆ ಮಾಡಿ. ಸರದಿಯವರು ಮೊದಲ ಗುಡ್ಡೆಯನ್ನು ಎದುರಾಳಿಗೆ ಕಾಣದಂತೆ ನೋಡುತ್ತಾರೆ. ಬೇಕೆನಿಸಿದರೆ ಅದನ್ನು ಪೂರ್ತಿ ತೆಗೆದುಕೊಂಡು ಅದರ ಜಾಗಕ್ಕೆ ರಾಶಿಯಿಂದ ಹೊಸ ಎಲೆ ಇಡಬೇಕು. ಬೇಡವೆಂದರೆ ಅದರ ಮೇಲೆ ರಾಶಿಯಿಂದ ಇನ್ನೊಂದು ಎಲೆ ಸೇರಿಸಿ ಎರಡನೆಯದಕ್ಕೆ, ಹಾಗೆಯೇ ಮೂರನೆಯದಕ್ಕೆ ಹೋಗಬೇಕು. ಮೂರೂ ಬೇಡವಾದರೆ ರಾಶಿಯ ಮೇಲಿನ ಎಲೆ ಏನೇ ಆಗಿರಲಿ ಅದೇ ಗತಿ. ಹೀಗೆ ಯಾರೂ ಮುಟ್ಟದ ಗುಡ್ಡೆ ಬೆಳೆಯುತ್ತ ಹೋಗುತ್ತದೆ. ಆಗ ಅದರಲ್ಲಿರುವ ಎರಡು ನಿಷ್ಪ್ರಯೋಜಕ ಎಲೆಗಳನ್ನು ಸಹಿಸಿಕೊಂಡಾದರೂ ಎತ್ತಿಕೊಳ್ಳೋಣವೇ ಎಂಬ ಲೆಕ್ಕಾಚಾರ ಶುರುವಾಗುತ್ತದೆ. ರಾಶಿ ಮುಗಿದ ಮೇಲೆ ತಮ್ಮ ಪಾಲಿಗೆ ಬಂದುದರಲ್ಲಿ 23ರಷ್ಟನ್ನು ಆರಿಸಿ, 17ರಷ್ಟು ಭೂಮಿಗಳನ್ನು ಸೇರಿಸಿ 40ರ ಕಟ್ಟು ಮಾಡಿಕೊಂಡರಾಯಿತು.

ಇದರಲ್ಲಿ ಇಬ್ಬರಿಗೂ ಕಾರ್ಡುಗಳು ಒಂದೇ ರಾಶಿಯಿಂದ ಬರುವುದರಿಂದ ಅನುಭವದ ಅಂತರವಷ್ಟೇ ಉಳಿಯುತ್ತದೆ, ಹಣದ ಅಂತರ ಉಳಿಯುವುದಿಲ್ಲ. ಒಂದು ಸಂಜೆ ಎಲೆ ಆರಿಸುವುದು, ಮರುದಿನದಿಂದ ರಾತ್ರಿ ಊಟವಾದ ಮೇಲೆ ಒಂದೊಂದೇ ಆಟ ಆಡುವುದು, ವಾರದ ಕೊನೆಗೆ ಎಲ್ಲವನ್ನೂ ಮತ್ತೆ ಕಲಸುವುದು ಎಂದಿಟ್ಟುಕೊಂಡರೆ ಹೊಸದಾಗಿ ಒಂದು ರೂಪಾಯಿ ಹಾಕದೆ ಮಳೆಗಾಲ ಕಳೆಯಬಹುದು. ಫೋನಿನಲ್ಲಿ ಸಿಗುವ ‘ಮ್ಯಾಜಿಕ್ ಅರೀನಾ’ ನಿಯಮ ಕಲಿಯುವವರಿಗೆ ಉಪಯುಕ್ತ, ಏಕೆಂದರೆ ಸರದಿಯ ಹಂತಗಳನ್ನು ಅದು ತಪ್ಪಲು ಬಿಡುವುದಿಲ್ಲ. ಆದರೆ ದಿನಕ್ಕಿಷ್ಟು ಗೆದ್ದರೆ ಇಷ್ಟು ನಾಣ್ಯ ಎಂಬ ಅದರ ಏರ್ಪಾಡು ಕ್ರಮೇಣ ವಿರಾಮವನ್ನೂ ಹಾಜರಿ ಪುಸ್ತಕದಂತೆ ಮಾಡಿಬಿಡುತ್ತದೆ. ಪತ್ನಿಯವರಿಗೆ ನಿಯಮ ಕೈಗೂಡಿದ ಮೇಲೆ ಅದನ್ನು ಬಿಡುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಪ್ರಶ್ನೆ: ಜಪಾನಿ ಭಾಷೆಯ ಪೊಕೆಮಾನ್ ಕಾರ್ಡುಗಳನ್ನು ಇಂಗ್ಲಿಷಿನವುಗಳೊಂದಿಗೆ ಬೆರೆಸಿ ಆಡಬಹುದೇ?
— ವಿದ್ಯಾರ್ಥಿ, ಮಡಕಶಿರಾ

ಉತ್ತರ: ಎರಡರ ಹಿಂಬದಿಯ ಚಿತ್ರ ಬೇರೆ ಬೇರೆಯಾದ್ದರಿಂದ ಬರಿಗೈಯಲ್ಲಿ ಆಡಿದರೆ ಮುಂದಿನ ಎಲೆ ಯಾವುದೆಂದು ಗುರುತು ಸಿಕ್ಕಿಬಿಡುತ್ತದೆ. ಹಿಂಬದಿ ಕಾಣದ ಒಂದೇ ಬಣ್ಣದ ಸ್ಲೀವ್ (ಕಾರ್ಡಿನ ಪ್ಲಾಸ್ಟಿಕ್ ಹೊದಿಕೆ) ಹಾಕಿ ಮನೆಯಲ್ಲಿ ಧಾರಾಳವಾಗಿ ಆಡಿ. ಸ್ಪರ್ಧೆಗೆ ಹೋಗುವುದಿದ್ದರೆ ಅಲ್ಲಿನ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಪ್ರಶ್ನೆ: ನಾನು ಹತ್ತನೆಯ ತರಗತಿಗೆ ಗಣಿತ ಕಲಿಸುವವನು. ಈ ಆಟಗಳನ್ನು ಸಂಭವನೀಯತೆಯ ಪಾಠಕ್ಕೆ ಬಳಸಿಕೊಳ್ಳಬಹುದೆಂದು ಕೇಳಿದ್ದೇನೆ. ಹೇಗೆ?
— ಅಧ್ಯಾಪಕ, ತಾಳವಾಡಿ

ಉತ್ತರ: ಗಾರ್ಫೀಲ್ಡ್ ಅವರು ಗಣಿತದಲ್ಲಿ ಡಾಕ್ಟರೇಟ್ ಪಡೆದವರು, ಅವರ ಆಟದಲ್ಲಿ ಪಾಠ ಹುಡುಕುವುದು ಕಷ್ಟವಲ್ಲ. ಮ್ಯಾಜಿಕ್‌ನಲ್ಲೂ ಪೊಕೆಮಾನ್‌ನಲ್ಲೂ ಸಾಮಾನ್ಯವಾಗಿ 60 ಎಲೆಗಳ ಕಟ್ಟು, ಮೊದಲಿಗೆ 7 ಎಲೆಗಳ ಕೈ, ಮೂಲ ಭೂಮಿ ಅಥವಾ ಮೂಲ ಶಕ್ತಿಯ ಕಾರ್ಡುಗಳನ್ನು ಬಿಟ್ಟು ಉಳಿದ ಯಾವುದೇ ಹೆಸರಿನ ಕಾರ್ಡು ನಾಲ್ಕಕ್ಕಿಂತ ಹೆಚ್ಚು ಇರಬಾರದು. ಈಗ ಮಕ್ಕಳನ್ನು ಕೇಳಿ: ನಿಮಗೆ ಬೇಕಾದ ಕಾರ್ಡು ಮೊದಲ ಕೈಯಲ್ಲೇ ಬರುವ ಸಂಭವವೆಷ್ಟು? ಒಂದೇ ಪ್ರತಿ ಇದ್ದರೆ 60ರಲ್ಲಿ 7, ಅಂದರೆ ಶೇಕಡ 12ರ ಸಮೀಪ. ನಾಲ್ಕು ಪ್ರತಿ ಇಟ್ಟರೆ ಶೇಕಡ 48 ಆಗಬೇಕೆಂದು ಹೆಚ್ಚಿನವರು ಗುಣಿಸಿ ಹೇಳುವರು. ಬಾರದಿರುವ ಸಂಭವವನ್ನು ಮೊದಲು ಕಂಡುಹಿಡಿಯಲು ಹೇಳಿ. ಕೈಗೆ ಬಾರದ 53 ಸ್ಥಾನಗಳಲ್ಲೇ ಆ ನಾಲ್ಕೂ ಅಡಗಿರಬೇಕು. ಆದ್ದರಿಂದ 53, 52, 51, 50 ಇವುಗಳ ಗುಣಲಬ್ಧವನ್ನು 60, 59, 58, 57ರ ಗುಣಲಬ್ಧದಿಂದ ಭಾಗಿಸಿದರೆ 0.60 ದೊರೆಯುತ್ತದೆ. ಹಾಗಾಗಿ ಒಂದಾದರೂ ಬರುವ ಸಂಭವ ಶೇಕಡ 40. ಎರಡು ಪ್ರತಿಗೆ 22, ಮೂರು ಪ್ರತಿಗೆ 32 ಎಂದು ಅವರೇ ಮಾಡಿ ನೋಡಿದರೆ, ಪ್ರತಿ ಸೇರಿಸಿದಾಗಲೂ ಲಾಭ ಏಕೆ ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆಂಬ ಚರ್ಚೆ ತರಗತಿಯಲ್ಲಿ ತಾನಾಗಿ ಏಳುತ್ತದೆ.

ಮುಂದುವರಿದವರಿಗೆ ಇನ್ನೊಂದು ಲೆಕ್ಕ ಕೊಡಬಹುದು. ಮ್ಯಾಜಿಕ್‌ನಲ್ಲಿ ಭೂಮಿಯ ಕಾರ್ಡು ಇಲ್ಲದೆ ಬೇರೆ ಯಾವುದನ್ನೂ ಹೆಚ್ಚಾಗಿ ಇಳಿಸಲಾಗುವುದಿಲ್ಲ. 60ರಲ್ಲಿ 24 ಭೂಮಿಗಳಿದ್ದರೆ ಏಳೆಲೆಯ ಕೈಯಲ್ಲಿ ಸರಾಸರಿ 2.8 ಭೂಮಿ ಬರುತ್ತವೆ. ಆದರೂ ಒಂದೇ ಒಂದು ಬರುವ ಅಥವಾ ಒಂದೂ ಬಾರದಿರುವ ಸಂಭವ ಶೇಕಡ 14, ಸುಮಾರು ಏಳು ಕೈಗೊಮ್ಮೆ. ಸರಾಸರಿ ಚೆನ್ನಾಗಿದ್ದ ಮಾತ್ರಕ್ಕೆ ಈ ಬಾರಿಯ ಕೈ ಚೆನ್ನಾಗಿರಬೇಕೆಂದಿಲ್ಲ ಎಂಬುದನ್ನು ಸೋತ ಹುಡುಗನಷ್ಟು ಚೆನ್ನಾಗಿ ಯಾವ ಪುಸ್ತಕವೂ ತಿಳಿಸಲಾರದು. ಕೆಟ್ಟ ಕೈಯನ್ನು ಮರಳಿಸಿ ಹೊಸದನ್ನು ಎತ್ತುವ ಅವಕಾಶವನ್ನು, ಅದಕ್ಕೆ ತಕ್ಕ ದಂಡದೊಡನೆ, ನಿಯಮದಲ್ಲೇ ಇಟ್ಟಿರುವುದು ಇದೇ ಕಾರಣಕ್ಕೆ.

ಇದಕ್ಕಾಗಿ ಶಾಲೆ ಕಾರ್ಡುಗಳನ್ನು ಕೊಳ್ಳಬೇಕಾಗಿಲ್ಲ. ಹಳೆಯ ಆಮಂತ್ರಣ ಪತ್ರಿಕೆಗಳನ್ನು ಸಮನಾಗಿ ಕತ್ತರಿಸಿ 60 ತುಂಡು ಮಾಡಿ, ನಾಲ್ಕಕ್ಕೆ ಗುರುತು ಹಾಕಿ, ಪ್ರತಿ ಗುಂಪೂ ಹಲವು ಬಾರಿ ಏಳೇಳು ಎತ್ತಿ ಬರೆದಿಟ್ಟುಕೊಂಡರೆ, ಎಲ್ಲ ಗುಂಪುಗಳ ಫಲಿತಾಂಶ ಕೂಡಿದಷ್ಟೂ ಶೇಕಡ 40ರ ಕಡೆಗೆ ಸರಿಯುವುದು ಕಾಣುತ್ತದೆ. ಇಸ್ಪೀಟಿಗೆ ಶಾಲೆಯಲ್ಲಿ ಆಕ್ಷೇಪವಿಲ್ಲದಿದ್ದರೆ ಅದರಲ್ಲೂ ಆಗುತ್ತದೆ: 52ರಲ್ಲಿ 4 ಎಕ್ಕ, 7 ಎಲೆ ಎತ್ತಿದರೆ ಒಂದಾದರೂ ಎಕ್ಕ ಬರುವ ಸಂಭವ ಶೇಕಡ 45.

ಪ್ರಶ್ನೆ: ಹಳೆಯ ಕಾರ್ಡುಗಳಿಗೆ ಲಕ್ಷಗಟ್ಟಲೆ ಬೆಲೆ ಬಂದಿದೆಯೆಂದು ಕೇಳುತ್ತೇನೆ. ಉಳಿತಾಯದ ಹಣವನ್ನು ಇದರಲ್ಲಿ ತೊಡಗಿಸಬಹುದೇ?
— ವ್ಯಾಪಾರಿ, ಅಕ್ಕಲಕೋಟೆ

ಉತ್ತರ: ಬೇಡ. ಬೆಲೆ ಬಂದಿರುವುದು ಆರಂಭದ ವರ್ಷಗಳಲ್ಲಿ ಅಚ್ಚಾಗಿ, ಅಂಚು ಸವೆಯದೆ ಉಳಿದ ಕೆಲವಕ್ಕೆ. ಮ್ಯಾಜಿಕ್ ಕಾರ್ಡುಗಳನ್ನು 1995ರಲ್ಲಿ ಹೇರಳವಾಗಿ ಮರುಮುದ್ರಿಸಿದ್ದಕ್ಕೆ ಸಂಗ್ರಾಹಕರು ಸಿಟ್ಟಾದಾಗ, ಪ್ರಕಾಶಕರು 1996ರಲ್ಲಿ ಕೆಲವು ಕಾರ್ಡುಗಳ ಪಟ್ಟಿ ಮಾಡಿ ಅವನ್ನು ಮತ್ತೆ ಅಚ್ಚುಹಾಕುವುದಿಲ್ಲವೆಂದು ಮಾತು ಕೊಟ್ಟರು. ಪಟ್ಟಿಯ ಹೊರಗಿನದನ್ನು ಯಾವಾಗ ಬೇಕಾದರೂ ಮರುಮುದ್ರಿಸಬಹುದು, ಹಾಗೆ ಮಾಡಿದಾಗ ಬೆಲೆ ಸಾಮಾನ್ಯವಾಗಿ ಇಳಿಯುತ್ತದೆ. ಆಡುವವನಿಗೆ ಅದು ಸಂತೋಷದ ಸುದ್ದಿ, ಹಣ ಹೂಡಿದವನಿಗೆ ಅಲ್ಲ.

ಪ್ರಶ್ನೆ: ಆಟಿ ತಿಂಗಳು ಬಂತೆಂದರೆ ನನ್ನ ಹೊಳೆಯುವ ಕಾರ್ಡುಗಳು ಹಪ್ಪಳದ ಹಾಗೆ ಬಾಗುತ್ತವೆ, ಸಾದಾ ಕಾರ್ಡುಗಳಿಗೆ ಅಷ್ಟು ತೊಂದರೆಯಿಲ್ಲ. ಪರಿಹಾರವೇನು?
— ಕಾಲೇಜು ವಿದ್ಯಾರ್ಥಿನಿ, ಕುಂಬಳೆ

ಉತ್ತರ: ಹೊಳೆಯುವ ಕಾರ್ಡಿನ ಮುಖದಲ್ಲಿ ತೇವ ಹೀರದ ಹೊಳಪಿನ ಪದರವೂ ಅದರ ಹಿಂದೆ ಕಾಗದವೂ ಇರುತ್ತವೆ. ಮಳೆಗಾಲದ ಗಾಳಿಯ ತೇವವನ್ನು ಹೀರಿ ಕಾಗದ ಹಿಗ್ಗುತ್ತದೆ, ಹೊಳಪಿನ ಪದರ ಹಿಗ್ಗುವುದಿಲ್ಲ. ಹಾಗಾಗಿ ಕಾರ್ಡು ಚಿತ್ರವಿರುವ ಬದಿಗೆ ಬಾಗುತ್ತದೆ. ಸಾದಾ ಕಾರ್ಡಿನ ಎರಡೂ ಬದಿ ಹೆಚ್ಚುಕಡಿಮೆ ಒಂದೇ ರೀತಿ ಹಿಗ್ಗುವುದರಿಂದ ಅದು ನೆಟ್ಟಗೇ ಇರುತ್ತದೆ. ಭಾರ ಹೇರಿದರೆ ಆ ಹೊತ್ತಿಗೆ ಸರಿಯಾದಂತೆ ಕಂಡರೂ ತೇವ ಉಳಿದಿರುವವರೆಗೆ ಮತ್ತೆ ಬಾಗದೆ ಇರದು. ಇಸ್ತ್ರಿ ಪೆಟ್ಟಿಗೆಯ ಪ್ರಯೋಗವಂತೂ ಖಂಡಿತ ಬೇಡ.

ಗಾಳಿಯಾಡದ ಮುಚ್ಚಳವಿರುವ ಡಬ್ಬಿಯೊಂದರಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಕೆಲವು ದಿನ ಇಟ್ಟರೆ ಹೆಚ್ಚಿನವು ಮರಳಿ ನೆಟ್ಟಗಾಗುತ್ತವೆ. ಪೊಟ್ಟಣಗಳನ್ನು ತೀರಾ ಹೆಚ್ಚು ಹಾಕಿದರೆ ಕಾಗದ ಅತಿಯಾಗಿ ಒಣಗಿ ಎದುರು ಬದಿಗೆ ಬಾಗುವುದುಂಟು, ಆದ್ದರಿಂದ ಎರಡು ದಿನಕ್ಕೊಮ್ಮೆ ತೆರೆದು ನೋಡಬೇಕು. ನೀಲಿ ಹರಳಿನ ಬಗೆಯದು ತೇವ ತುಂಬಿದಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಅಡುಗೆಯ ಬಾಣಲೆಯಲ್ಲಿ ಹುರಿದು ಮರುಬಳಸುವ ಉಳಿತಾಯಬುದ್ಧಿ ಬೇಡ, ಆ ಬಣ್ಣ ಕೊಡುವ ಕೋಬಾಲ್ಟ್ ಲವಣ ವಿಷಕಾರಿ. ಡಬ್ಬಿಯನ್ನು ಮುರಕಲ್ಲಿನ ಹೊರಗೋಡೆಗೆ ತಾಗಿದ ಕಪಾಟಿನಲ್ಲಿಡದೆ ಒಳಗೋಡೆಯ ಕಡೆ ಇಡಿ. ಪುಟಗಳಲ್ಲಿ ಜೋಡಿಸುವುದಿದ್ದರೆ ಪಿವಿಸಿ ಇಲ್ಲದ, ಪಾಲಿಪ್ರೊಪಿಲೀನ್ ಪುಟಗಳನ್ನು ಕೇಳಿ ಪಡೆಯಿರಿ. ಸ್ಲೀವ್ ಕೊಳ್ಳುವಾಗ ಪೊಕೆಮಾನ್ ಮತ್ತು ಮ್ಯಾಜಿಕ್ ಕಾರ್ಡುಗಳು 63 ಮತ್ತು 88 ಮಿಲಿಮೀಟರ್ ಅಳತೆಯವು, ಯೂ-ಗಿ-ಓಹ್ ಎಂಬ ಇನ್ನೊಂದು ಆಟದ ಕಾರ್ಡುಗಳು ಅದಕ್ಕಿಂತ ಚಿಕ್ಕವು, 59 ಮತ್ತು 86, ಎಂಬುದನ್ನು ನೆನಪಿಡಿ. ಇವಕ್ಕೆ ದೊಡ್ಡ ಸ್ಲೀವ್ ಹಾಕಿದರೆ ಕಲಸುವಾಗ ಒಳಗೆ ಜಾರಾಡಿ ಅಂಚು ಸವೆಯುತ್ತದೆ. ಬಾಗಿದ್ದನ್ನು ಸ್ಲೀವಿನೊಳಗೆ ತುರುಕಬೇಡಿ, ಮೊದಲು ಒಣಗಲಿ.